ಡ್ರೈವರನ ಬಲಗಾಲಿಗಾಗಿ ಪ್ರಾರ್ಥಿಸೋಣ

ನಮ್ಮ ಸೋದರತ್ತೆಗೆ ಹೆದರದ ಮನುಷ್ಯ ಚಾಮರಾಜನಗರದಲ್ಲಿ ಇದ್ದರೂ ಇರಬಹುದು. ಆದರೆ ಆತ ಭಾನುವಾರ ನಮ್ಮ ಚರ್ಚಿಗೆ ಬಂದವನಲ್ಲ, ಇಷ್ಟು ಮಾತ್ರ ಖಂಡಿತ!

ಅತ್ತೆ ಯಾರನ್ನೂ ಹೊಡೆದವರಲ್ಲ, ಬಡಿದವರಲ್ಲ. ಪ್ರಾರ್ಥನೆ ಮಾಡುತ್ತಾರೆ, ಅಷ್ಟೇ. ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ: ನಮ್ಮ ಭಾನುವಾರದ ಪೂಜೆಯಲ್ಲಿ ಫಾದರ್ ಉಪದೇಶದ ಪ್ರಸಂಗ ಮುಗಿಸಿದ ಮೇಲೆ ಭಕ್ತರಲ್ಲೊಬ್ಬರು ಮೈಕಿನ ಮುಂದೆ ಹೋಗಿ ಎಲ್ಲರ ಪರವಾಗಿ ಕೋರಿಕೆಗಳನ್ನು ಹೇಳುವ ಪದ್ಧತಿ ಇದೆ. ಲೋಕದಲ್ಲಿ ಶಾಂತಿ ನೆಲೆಸಲಿ, ಮಳೆ ಬೆಳೆ ಚೆನ್ನಾಗಿರಲಿ, ರೋಗಿಗಳು ಗುಣವಾಗಲಿ, ಹೀಗೆ. ಒಂದೊಂದು ಕೋರಿಕೆಗೂ ಜನರೆಲ್ಲ "ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸಿರಿ" ಅನ್ನಬೇಕು. ಬೇರೆ ಊರುಗಳಲ್ಲಿ ಇದು ಎರಡು ನಿಮಿಷದ ಕೆಲಸ. ನಮ್ಮಲ್ಲಿ ಅತ್ತೆ ಎದ್ದರೆಂದರೆ ಅರ್ಧ ಚರ್ಚು ತಲೆ ತಗ್ಗಿಸುತ್ತದೆ. ಭಕ್ತಿಯಿಂದ ಅಂದುಕೊಂಡಿರಾ? ಈ ವಾರ ಯಾರ ಸರದಿಯೋ ಎಂಬ ಭಯದಿಂದ!

"ಲೋಕಶಾಂತಿನ ರೋಮಿನೋರು ನೋಡ್ಕತಾರೆ. ನಾನು ನಮ್ ಬೀದಿ ನೋಡ್ಕತೀನಿ" ಎಂಬುದು ಅತ್ತೆಯ ಸಿದ್ಧಾಂತ. ಅದರ ಪ್ರಕಾರ, ಆಂಬುಲೆನ್ಸ್ ಹೋಗುವ ದಾರಿಗೆ ಅಡ್ಡಲಾಗಿ ಬೈಕು ನಿಲ್ಲಿಸಿ ಪೂಜೆಗೆ ಬಂದವರ ಮನಪರಿವರ್ತನೆಗಾಗಿ ಬೇಡಿದ್ದಾರೆ. ಮಿಕ್ಕ ಬಿರಿಯಾನಿಯನ್ನು ಮೋರಿಗೆ ಸುರಿದ ಮದುವೆ ಮನೆಯವರಿಗಾಗಿ, ಮದುವೆಯ ಮರುದಿನವೇ, ಮದುಮಕ್ಕಳ ಎದುರೇ ಬೇಡಿದ್ದಾರೆ. ಅತ್ತೆಯನ್ನು ಸ್ಕೂಟರಿನಲ್ಲಿ ಕರೆತರುವ ಕರ್ಮ ನನ್ನದಾದ್ದರಿಂದ ಮುಂದಿನ ಸಾಲಿನಲ್ಲಿ ಅವರ ಪಕ್ಕವೇ ಕೂತು ಇದನ್ನೆಲ್ಲ ಕೇಳಬೇಕು.

ಹೊಸದಾಗಿ ಬಂದ ಫಾದರ್ ಒಂದು ದಿನ ಮೆಲ್ಲಗೆ ಹೇಳಿ ನೋಡಿದರು. "ಅಮ್ಮ, ದೇವರಿಗೆ ಎಲ್ಲವೂ ಗೊತ್ತಿರುತ್ತೆ. ಇಷ್ಟೊಂದು ವಿವರವಾಗಿ ಹೇಳಬೇಕಾಗಿಲ್ಲ."

"ದೇವ್ರಿಗೆ ಗೊತ್ತು ಫಾದರ್. ಇಲ್ಲಿ ಕೂತಿರೋರ್ಗೆ ಗೊತ್ತಿಲ್ವಲ್ಲ. ಅದುಕ್ಕೇ ತಾನೆ ಮೈಕು?"



ಅತ್ತೆ ಗುಂಡ್ಲುಪೇಟೆಯಲ್ಲಿ ನರ್ಸಾಗಿದ್ದವರು, ಹಾಗಾಗಿ ಊರಿಗೆಲ್ಲ 'ಸಿಸ್ಟರಮ್ಮ'. ಕೇರಳದ ಕನ್ಯಾಸ್ತ್ರೀಯೊಬ್ಬರ ಕೈಕೆಳಗೆ ಕೆಲಸ ಕಲಿತರು. ಆ ತಾಯಿಯಿಂದ ಇವರಿಗೆ ಬಂದದ್ದು ಎರಡು: ನೋವಾಗದಂತೆ ಬ್ಯಾಂಡೇಜು ಕಟ್ಟುವ ಕೈ, ಮಲಯಾಳದಲ್ಲಿ ಬೈಯುವ ಬಾಯಿ. ರೋಗಿಗೆ ಅರ್ಥವಾಗದ ಭಾಷೆಯಲ್ಲಿ ಬೈದರೆ ಪಾಪ ಬರುವುದಿಲ್ಲವಂತೆ! ಗುಂಡ್ಲುಪೇಟೆಗೆ ವಯನಾಡಿನ ಕಡೆಯ ರೋಗಿಗಳೂ ಬರುತ್ತಾರೆಂಬುದು ಅವರಿಗೆ ಸ್ವಲ್ಪ ತಡವಾಗಿ ಹೊಳೆಯಿತು.

ಮನೆಯವರನ್ನಾದರೂ ಬಿಟ್ಟಾರೆಯೇ? ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ ನಮ್ಮವರು ಒಬ್ಬೊಬ್ಬರು ಒಂದೊಂದು ಬಿಡುತ್ತಾರೆ. ಒಂದು ವರ್ಷ ನಮ್ಮ ಚಿಕ್ಕಪ್ಪ ಊಟಕ್ಕೆ ಕೂತು, ಈ ಸಲ ಮಾಂಸ ಮುಟ್ಟುವುದಿಲ್ಲವೆಂದು ಘೋಷಿಸಿದರು. ಆಗ ಅವರು ಮಗಳಿಗೆ ಗಂಡು ಹುಡುಕುತ್ತಿದ್ದರು. ಕ್ರೈಸ್ತ ಹುಡುಗರೇ ಬಂದರೂ "ಮೂಲದಲ್ಲಿ ಯಾವ ಜನ?" ಎಂದು ಒಳಗೊಳಗೇ ವಿಚಾರಿಸಿ ವಾಪಸು ಕಳಿಸುತ್ತಿದ್ದರು. ಅತ್ತೆ ತಮ್ಮನ ತಟ್ಟೆಗೆ ಉಪ್ಸಾರು ಬಿಡುತ್ತಾ, "ನೀನು ಮಾಂಸ ಬುಟ್ರೆ ಕೋಳಿಗೆ ಲಾಭ ಕಣಪ್ಪ. ಜಾತಿ ಕೇಳದ್ ಬುಡು, ನಿನ್ ಮಗ್ಳಿಗೆ ಲಾಭ" ಅಂದರು. ಚಿಕ್ಕಪ್ಪ ಮುದ್ದೆ ನುಂಗಲು ನೀರು ಕುಡಿಯಬೇಕಾಯಿತು.

ಈಗ ಅತ್ತೆ ಇರುವುದು ಚಂದಕವಾಡಿ ಕಡೆಯ ಒಂದು ಸಣ್ಣ ಊರಿನಲ್ಲಿ. ಪಕ್ಕದ್ದು ಹಾಸಿಗೆ ಹೊಲಿಯುವ ಸಾಬರ ಮನೆ. ಆ ಮನೆಯಾಕೆಯನ್ನು ಅತ್ತೆ 'ಆಪಾ' ಅನ್ನುತ್ತಾರೆ, ಆಕೆ ಅತ್ತೆಯನ್ನು 'ಅಕ್ಕ' ಅನ್ನುತ್ತಾರೆ. ಎರಡರ ಅರ್ಥವೂ ಒಂದೇ. ಇಬ್ಬರಲ್ಲಿ ದೊಡ್ಡವರು ಯಾರೆಂಬುದು ಇವತ್ತಿಗೂ ತೀರ್ಮಾನವಾಗಿಲ್ಲ. ಒಪ್ಪಿಕೊಳ್ಳಲು ಇಬ್ಬರೂ ತಯಾರಿಲ್ಲ.

ಆಪಾಗೆ ಕಿಡ್ನಿ ಕೆಟ್ಟಿತು. ವಾರಕ್ಕೆರಡು ದಿನ ಚಾಮರಾಜನಗರಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕು. ಗಂಡ ಹೊಲಿಗೆ ಬಿಟ್ಟು ಹೊರಟರೆ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಹಾಗಾಗಿ ಜೊತೆಗೆ ಹೊರಟವರು ಅತ್ತೆ. ತೊಂದರೆ ಇದ್ದದ್ದು ಬಸ್ಸಿನದು. ಬೆಳಗಿನ ಬಸ್ಸು ಕಾಲೇಜು ಹುಡುಗರಿಂದ ತುಂಬಿ ತುಳುಕುತ್ತಾ ಇವರ ಊರಿನ ಸ್ಟಾಪಿನಲ್ಲಿ ನಿಲ್ಲಿಸದೆ ಹೋಗಿಬಿಡುತ್ತಿತ್ತು. ಒಮ್ಮೆ ಹೀಗೇ ಬಸ್ಸು ತಪ್ಪಿ, ಡಯಾಲಿಸಿಸ್ ತಪ್ಪಿ, ಎರಡನೇ ದಿನಕ್ಕೆ ಆಪಾ ಮುಖವೆಲ್ಲ ಊದಿ ಉಸಿರಿಗೆ ಒದ್ದಾಡಿದರು. ಅತ್ತೆ ಹೆದರಿದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.

ಚರ್ಚಿನ ಹೆಂಗಸೊಬ್ಬರು ಕನಿಕರದಿಂದಲೇ ಅಂದರು: "ಆಯಮ್ಮನ್ನ ಒಂದ್ಸಲ ಇಲ್ಲಿಗೆ ಕರ್ಕೊಂಡು ಬನ್ನಿ ಸಿಸ್ಟರಮ್ಮ. ದೇವರ ದಾರಿಗೆ ಬಂದ್ರೆ ವಾಸಿಯಾಗ್ತದೆ."

"ಅವ್ಳಿಗೆ ದೇವ್ರವ್ನೆ ಕಣಮ್ಮಿ" ಅಂದರು ಅತ್ತೆ. "ಇಲ್ದೇ ಇರದು ಬಸ್ಸು."

ಆ ಭಾನುವಾರ ಮೈಕು ಹಿಡಿದರು. "ಬೆಳಿಗ್ಗೆ ಚಂದಕವಾಡಿ ರಸ್ತೆಯಲ್ಲಿ ರೋಗಿಗಳನ್ನು ಕಂಡೂ ನಿಲ್ಲಿಸದೆ ಹೋಗುವ ಬಸ್ಸಿನ ಡ್ರೈವರನ ಬಲಗಾಲಿಗಾಗಿ ಪ್ರಾರ್ಥಿಸೋಣ. ಆ ಕಾಲು ಬ್ರೇಕನ್ನು ಪ್ರೀತಿಸುವಂತಾಗಲಿ."

"ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸಿರಿ" ಎಂದಿತು ಚರ್ಚು. ಎಲ್ಲರಿಗಿಂತ ಜೋರಾಗಿ ಅಂದವನು ಬಾಗಿಲ ಬಳಿ ನಿಂತಿದ್ದ ಒಬ್ಬ ದಪ್ಪ ಮೀಸೆಯವನು. ಅವನೇ ಆ ಡ್ರೈವರು! ನಮ್ಮಲ್ಲಿ ಕೋರಿಕೆಯನ್ನು ಕಿವಿಗೆ ಹಾಕಿಕೊಂಡು ಉತ್ತರ ಕೊಡುವವರು ಎಷ್ಟು ಜನ? ಬಾಯಿಪಾಠ ತಾನೇ ಹೊರಟುಬಿಡುತ್ತದೆ. 'ಆಲಿಸಿರಿ' ಅಂದ ಮೇಲೆ ಅವನಿಗೆ ಅರಿವಾಗಿ, ಬಾಯಿ ತೆರೆದೇ ನಿಂತ.

ಪೂಜೆ ಮುಗಿಯುತ್ತಲೇ ಬಂದ. "ಏನ್ ಸಿಸ್ಟರಮ್ಮ, ಎಲ್ರ ಮುಂದ ನನ್ ಮಾನ ತಗ್ದ್‌ಬುಟ್ರಲ್ಲ!"

"ನಿನ್ ಎಸ್ರು ಏಳುದ್ನೇನ್ಲಾ?"

"ರೋಡ್ ಏಳುದ್ರಲ್ಲ! ಆ ರೋಡಲ್ಲಿ ಬೆಳಿಗ್ಗೆ ಇನ್ಯಾರವ್ರೆ? ಬಸ್ಸಲ್ಲಿ ಕಾಲಿಡಕ್ ಜಾಗ ಇರಲ್ಲ. ಎಲ್ಲಿ ನಿಲ್ಸನ?"

"ಇಬ್ರು ಮುದ್ಕೀರು ಕಣ್ಲಾ. ನಿನ್ ಪಕ್ಕದಲ್ಲಿ ಬಾನೆಟ್ ಮೇಲೆ ಕುಂತ್ಕತೀವಿ. ನೀನೂ ಬೇಡ್ಕಂಡಿದೀಯ, ಈಗ ಆಗಲ್ಲ ಅಂದ್ರೆ ದೇವ್ರು ಏನನ್ಕತಾನೆ?"

ಆ ವಾರದಿಂದ ಬಸ್ಸು ನಿಂತಿತು. ಬಾನೆಟ್ಟಿನ ಬಿಸಿಯ ಮೇಲೆ ಗೋಣಿ ಮಡಿಸಿ ಹಾಕಿ ಇಬ್ಬರೂ ಸವಾರಿ ಹೊರಡುತ್ತಿದ್ದರು. ದಾರಿಯುದ್ದಕ್ಕೂ ಜಗಳ. ಕಿಡ್ನಿ ರೋಗಿಗೆ ಎಳನೀರು ಆಗದು. ಅದನ್ನು ಕಂಡರೆ ಆಪಾಗೆ ಆಸೆ, ಆಪಾ ಅದನ್ನು ನೋಡುವುದು ಕಂಡರೆ ಅತ್ತೆಗೆ ಮಲಯಾಳ! "ನಿಮ್ಮತ್ತೆ ನನ್ನ ಬೈತಾರೋ, ದುವಾ ಮಾಡ್ತಾರೋ ಗೊತ್ತೇ ಆಗಲ್ಲ ಬೇಟಾ" ಎಂದು ಆಪಾ ನನಗೆ ದೂರು ಹೇಳುತ್ತಿದ್ದರು. ನಮಗೂ ಗೊತ್ತಾಗುವುದಿಲ್ಲ ಎಂದು ನಾನು ಸಮಾಧಾನ ಮಾಡುತ್ತಿದ್ದೆ.

ಕಳೆದ ಶುಕ್ರವಾರ ಆಪಾಗೆ ಜ್ವರ ಏರಿ ಪ್ರಜ್ಞೆ ತಪ್ಪಿತು. ಮೈಸೂರಿಗೆ ಸಾಗಿಸಿದರು. ಅತ್ತೆಯೂ ಹೋದರು. ಐಸಿಯು ಒಳಗೆ ಬಿಡಲಿಲ್ಲ, ಗಾಜಿನ ಆಚೆಯಿಂದ ನೋಡಿಕೊಂಡು ಬಂದರು. ರಕ್ತಕ್ಕೆ ಸೋಂಕು ಹರಡಿದೆ, ಏನೂ ಹೇಳುವ ಹಾಗಿಲ್ಲ ಎಂದರಂತೆ ಡಾಕ್ಟರು.

ಭಾನುವಾರ ಫಾದರ್ ಪ್ರಸಂಗ ಮುಗಿಸಿದರು. ಅತ್ತೆ ಎದ್ದು ಹೋಗಿ ಮೈಕಿನ ಮುಂದೆ ನಿಂತರು. ಚರ್ಚು ತಲೆ ತಗ್ಗಿಸಿತು. ಅತ್ತೆ ಏನೂ ಹೇಳಲಿಲ್ಲ. ಸೆರಗು ಸರಿಮಾಡಿಕೊಂಡು ಇಳಿದು ಬಂದು ನನ್ನ ಪಕ್ಕ ಕೂತರು.

"ಯಾಕತ್ತೆ?" ಅಂದೆ.

"ಊರೋರ್ಗೆಲ್ಲಾ ಕೇಳ್ದೆ ಕಣ್ಲಾ. ಇವತ್ತು ನಂಗೇ ಬೇಕಾಗದೆ. ನಂಗೆ ಅಂತ ಎಂಗ್ ಕೇಳದು ಅಂತ ಗೊತ್ತಾಗ್ತಿಲ್ಲ" ಅಂದರು.

ನಾನು ಜನ್ಮದಲ್ಲಿ ಮೈಕು ಮುಟ್ಟಿದವನಲ್ಲ. ಎದ್ದು ಹೋದೆ. ಪ್ರಾರ್ಥನೆಯ ಭಾಷೆಯೆಲ್ಲ ಮರೆತುಹೋಗಿತ್ತು. "ಸ್ವಾಮಿ, ನಮ್ಮತ್ತೆಗೆ ಆಪಾ ಬೇಕು" ಅಂದೆ.

ಜನ ಇನ್ನೂ ತಲೆ ಎತ್ತುವ ಮೊದಲೇ ಅತ್ತೆ ಒಬ್ಬರೇ, ಕೂತಲ್ಲಿಂದಲೇ, ಮಗುವಿನ ಹಾಗೆ ಅಳುತ್ತಾ, "ಆಲಿಸಪ್ಪಾ" ಅಂದರು.