ಪುಟ್ಟ ಡಬ್ಬಿಯ ಪೆಟ್ರೋಲು

"ನಾಳೆ ನಮ್ಮ ಕಾರು ಕೀಲಿಯ ಒಂದೇ ತಿರುವಿಗೆ ಏಳದಿದ್ದರೆ ನನ್ನ ಹೆಸರು ರೊಸೆಲಿಯೇ ಅಲ್ಲ!"

ಹೀಗೆಂದು ಊಟದ ಮೇಜಿನಲ್ಲಿ ಘೋಷಿಸಿದವಳು ನಾನೇ. ಇಂಧನ ಪರೀಕ್ಷಾಲಯದಲ್ಲಿ ನನ್ನ ಕೆಲಸ. ಎಂಜಿನ್‌ಗಳನ್ನು ಚಳಿ ಕೊರೆಯುವ ಕೋಣೆಯಲ್ಲಿ ಕೂರಿಸಿ, ಇಂಧನಕ್ಕೆ ಯಾವ ಮದ್ದು ಬೆರೆಸಿದರೆ ಬೇಗ ಎಚ್ಚರಗೊಳ್ಳುತ್ತವೆ, ಎಷ್ಟು ಕಾಲ ಬಾಳುತ್ತವೆ ಎಂದು ನೋಡುವವಳು. ಮನೆಯ ಮುದಿ ಕಾರು ಯಾವ ಲೆಕ್ಕ!

ಅದು ಕುಡಿಯುವುದು ಕಬ್ಬಿನ ಆಲ್ಕೋಹಾಲು. ನಮ್ಮ ಬೆಟ್ಟದೂರು ಸಾವ್ ಜೊವಾಕಿಮ್‌ನಲ್ಲಿ ಜುಲೈ ಎಂದರೆ ನಡುಚಳಿಗಾಲ; ಆ ಚಳಿಗೆ ಮುಸುಕೆಳೆದು ಮಲಗಿಬಿಡುತ್ತದೆ. ಎಬ್ಬಿಸಲು ಬಾನೆಟ್ಟಿನಡಿಯ ಪುಟ್ಟ ಡಬ್ಬಿಯಲ್ಲಿ ಒಂದಿಷ್ಟು ಪೆಟ್ರೋಲಿರಬೇಕು. ನನ್ನ ಗಂಡ ಎವಾಂಡ್ರೊನದು ಬೇರೆಯೇ ವಿಜ್ಞಾನ. ಎಂಜಿನ್ನಿಗೆ ಬಟ್ಟೆ ಸುತ್ತಿ, ಬಿಸಿನೀರು ಹೊಯ್ದು, "ಏಳೇ ಚಿನ್ನಾ" ಎನ್ನುತ್ತಾನೆ.

"ನನ್ನನ್ನ ಒಂದಿನ ಹೀಗೆ ಎಬ್ಬಿಸಿದ್ದೀಯಾ?"

"ನೀನು ಅಲಾರಾಮಿಗೇ ಏಳ್ತೀಯಲ್ಲೇ!"

ಮರುದಿನ ಅತ್ತೆ ಜುರೆಮಾ ಅವರಿಗೆ ಲಾಜೆಸ್ ಪಟ್ಟಣದ ಆಸ್ಪತ್ರೆಯಲ್ಲಿ ಕಣ್ಣಿನ ಪೊರೆ ತೆಗೆಯುವುದಿತ್ತು. ತಪ್ಪಿದರೆ ಮತ್ತೆ ಸರದಿ ಬರುವುದು ಬೇಸಿಗೆಗೆ. ಮದುವೆಯಾಗಿ ಬಂದಂದಿನಿಂದ ಅವರ ಪಾಲಿಗೆ ನಾನೊಂದು ಮಂಜಿನ ಆಕೃತಿ. ಕೆನ್ನೆ ಸವರಿಯೇ ಗುರುತಿಸುತ್ತಿದ್ದರು. ಆ ಕೆನ್ನೆಯ ಮೇಲಾಣೆ, ನಾನೇ ಮದ್ದು ಬೆರೆಸಿದ ಪೆಟ್ರೋಲನ್ನು ಡಬ್ಬಿಗೆ ಸುರಿದೆ. ಗಂಡನ ಕೆಟಲನ್ನು ಬೀರುವಿನಲ್ಲಿಟ್ಟು ಬೀಗವನ್ನೂ ಜಡಿದೆ!

ಬೆಳಿಗ್ಗೆ ಅಂಗಳದ ಹುಲ್ಲೆಲ್ಲ ಬೆಳ್ಳಗೆ ಹೆಪ್ಪುಗಟ್ಟಿತ್ತು. ಕಾರಿನ ಕೀಲಿ ತಿರುಗಿಸಿದೆ. ಗೊರ್ರ್... ಮತ್ತೆ ತಿರುಗಿಸಿದೆ. ಗೊರ್ರ್...

ಹಿಂದಿನ ಸೀಟಿನ ಕಂಬಳಿಯೊಳಗಿಂದ ಅತ್ತೆಯ ದನಿ: "ಮಗಳೇ, ಇದು ಏಳ್ತಿದೆಯೋ, ಗೊರಕೆ ಹೊಡೀತಿದೆಯೋ?"

"ಮದ್ದು ಹತ್ತೋಕೆ ಸ್ವಲ್ಪ ಹೊತ್ತು ಬೇಕು ಅತ್ತೆ."

"ನನ್ನ ಡಾಕ್ಟ್ರು ಅಷ್ಟು ಹೊತ್ತು ಕಾಯಲ್ಲ ಕಣೇ."

ಹೊತ್ತು ಜಾರುತ್ತಿತ್ತು; ಬೀರು ತೆಗೆದು ನೀರು ಕಾಯಿಸಲೂ ವೇಳೆಯಿರಲಿಲ್ಲ. ಅತ್ತೆ ಕಂಬಳಿಯಿಂದ ಫ್ಲಾಸ್ಕನ್ನು ಹೊರತೆಗೆದರು. ಶಸ್ತ್ರಚಿಕಿತ್ಸೆಯಾದ ಮೇಲೆ ಮಾಟೆ ಎಂಬ ಎಲೆಯ ಚಹಾ ಮಾಡಿ ಕುಡಿಯಲೆಂದು ತಂದಿದ್ದ ಬಿಸಿನೀರು! ಕಣ್ಣನ್ನಾದರೂ ಬಿಟ್ಟಾರು, ಆ ಚಹಾ ಬಿಡುವವರಲ್ಲ.

"ತಗೋ ಎವಾಂಡ್ರೊ, ಇದನ್ನೇ ಹುಯ್ಯಿ. ಪಾಪ, ಹುಡುಗಿ ಅಳೋ ಹಾಗಿದ್ದಾಳೆ."

ಅವನು ಬಟ್ಟೆ ಸುತ್ತಿದ, ನೀರು ಹೊಯ್ದ, "ಏಳೇ ಚಿನ್ನಾ" ಎಂದ. ಎದ್ದಿತು ಆ ಪಾಪಿ ಕಾರು!

ಅವನೇ ಚಾಲಕನ ಸೀಟಿಗೆ ಬಂದು, ಗಾಜಿನ ಮಂಜು ಒರೆಸಲು ನೀರಿನ ಗುಂಡಿ ಒತ್ತಿದ. ಘಮ್ಮೆಂದು ಪೆಟ್ರೋಲು ಗಾಜಿನ ಮೇಲೆಲ್ಲ ಚಿಮ್ಮಿತು! ನನ್ನ ದಿವ್ಯ ಮಿಶ್ರಣ! ಬಾನೆಟ್ಟಿನಡಿ ಇರುವುದು ಎರಡು ಡಬ್ಬಿ. ಪೆಟ್ರೋಲಿನದನ್ನು ಬಿಟ್ಟು, ಗಾಜು ತೊಳೆಯುವ ನೀರಿನದಕ್ಕೆ ಸುರಿದಿದ್ದೆ.

"ಅಮ್ಮಾ, ಸಿಗರೇಟ್ ಹಚ್ಚಬೇಡ!" ಎಂದು ಎವಾಂಡ್ರೊ ಹಿಂದೆ ತಿರುಗಿ ಅರಚಿದ. ಗಾಜು ಒರೆಸಿ, ಕಿಟಕಿಗಳನ್ನು ತೆರೆದು, ಗಡಗಡ ನಡುಗುತ್ತಲೇ ಹೊರಟೆವು. ದಾರಿಯುದ್ದಕ್ಕೂ ಅವನು ನಗು ತಡೆಹಿಡಿದೇ ಓಡಿಸಿದ. ಭುಜ ಮಾತ್ರ ಕುಲುಕುತ್ತಿತ್ತು. ಸರದಿ ತಪ್ಪಲಿಲ್ಲ.

ಮರುದಿನ ಪಟ್ಟಿ ಬಿಚ್ಚಿದರು. ಅತ್ತೆ ನನ್ನನ್ನೇ ಬಹಳ ಹೊತ್ತು ನೋಡಿದರು. ಅಭ್ಯಾಸಕ್ಕೆ ಕೆನ್ನೆಯನ್ನೂ ಸವರಿದರು.

"ಇಷ್ಟು ಚೆಂದ ಇದ್ದೀಯಾ ನೀನು!"

ಅವರ ಕೈ ಹಿಡಿದು ಹೊರಗೆ ಕರೆತಂದೆ. ಎವಾಂಡ್ರೊ ಬಾನೆಟ್ ಎತ್ತಿ ಡಬ್ಬಿ ತೊಳೆಯುತ್ತಿದ್ದ. ಅತ್ತೆ ಬಗ್ಗಿ, ಹೊಸ ಕಣ್ಣು ಅರಳಿಸಿ ನೋಡಿದರು.

"ಮಗಳೇ, ಮುಚ್ಚಳದ ಮೇಲೆ ನೀರು ಚಿಮ್ಮೋ ಚಿತ್ರ ಇಷ್ಟು ದೊಡ್ಡದಾಗಿದೆಯಲ್ಲೇ!" ಎಂದವರು, ನನ್ನ ಕೈಯನ್ನು ಮೆಲ್ಲಗೆ ಅದುಮಿ ಆಸ್ಪತ್ರೆಯತ್ತ ತಿರುಗಿದರು. "ಬಾ, ಡಾಕ್ಟ್ರು ಇನ್ನೂ ಒಳಗೇ ಇದ್ದಾರೆ. ನಿನ್ನ ಕಣ್ಣನ್ನೂ ತೋರಿಸ್ಕೊಂಡೇ ಹೋಗೋಣ."