ಪ್ರಸಾದಕ್ಕೆ ತೂಕವಿಲ್ಲ

ಬಹಳ ಹಿಂದೆ, ಸಕ್ಕರೆಗೆ ಇನ್ನೂ ದೇವರಿಗಿಂತ ಒಂದು ಮೆಟ್ಟಿಲು ಕೆಳಗಿನ ಸ್ಥಾನವಿದ್ದ ಕಾಲದಲ್ಲಿ, ಘೃತಾವತಿ ಎಂಬ ರಾಜ್ಯವಿತ್ತು. ಅದನ್ನು ಆಳುತ್ತಿದ್ದವನು ಸ್ಥೂಲಕೀರ್ತಿ ಮಹಾರಾಜ. ಕರುಣಾಳು. ಎಷ್ಟು ಕರುಣಾಳುವೆಂದರೆ, ರಾಜ್ಯದ ಶಿಶುಶಾಲೆಗಳಲ್ಲಿ ಹಲ್ಲು ಬಂದ ಪ್ರತಿ ಮಗುವಿಗೂ ದಿನಾ ಬೆಳಿಗ್ಗೆ ತನ್ನ ಮುಖಮುದ್ರೆಯಿರುವ ತುಪ್ಪದ ಲಾಡು ಕೊಡಿಸುತ್ತಿದ್ದ. ಅದನ್ನು ತಿಂಡಿ ಎನ್ನುವಂತಿರಲಿಲ್ಲ, ರಾಜಪ್ರಸಾದ ಎನ್ನಬೇಕಿತ್ತು. ಪ್ರಸಾದವನ್ನು ಬೇಡವೆನ್ನುವವರುಂಟೆ? ನಾವು ನೀವು ನಂಬಿದ ದೇವರಾದರೋ ನೈವೇದ್ಯವನ್ನು ಕಣ್ಣಲ್ಲೇ ಉಂಡು ತಟ್ಟೆಯನ್ನು ಹಾಗೇ ಹಿಂದಿರುಗಿಸುತ್ತಾನೆ. ತಾವೂ ಉಂಡು ಊರಿಗೂ ಉಣಿಸುವ ಅರಸರಿಗೆ ಅಷ್ಟು ಸಂಯಮ ಎಲ್ಲಿಂದ ಬರಬೇಕು?

ಒಂದು ದಿನ ದ್ಯಾಮವ್ವ ಎಂಬ ಹೆಂಗಸು ಮಗಳನ್ನು ಕಂಕುಳಲ್ಲಿ ಹೊತ್ತು ರಾಜಸಭೆಗೆ ಬಂದಳು.

"ಮಹಾರಾಜರ, ಇಕಿ ನನ್ನ ಮಗಳು ಹೊನ್ನಿ. ಐದು ತುಂಬ್ಯಾವ್ರಿ. ನಾಕು ಮೆಟ್ಟಲಾ ಹತ್ತಿದ್ರ ತೇಕ್ತಾಳ. ಆಡಾಕಂತ ಎದ್ದಾಕಿ ಅಲ್ಲೇ ಕುಂದರ್ತಾಳ. ಆ ಲಾಡು ಒಂದು ನಿಲ್ಲಿಸ್ರಿ. ಅದರ ಬದ್ಲಿ ರೊಟ್ಟಿ, ಮೊಳಕಿ ಕಾಳು, ಒಂದೀಟು ಮಜ್ಜಿಗಿ ಕೊಟ್ರ ಸಾಕು. ಅಂಗಳದಾಗ ಆಡಾಕ ಬಿಡ್ರಿ."

ಮಹಾಮಂತ್ರಿ ಅನುಮೋದಶೀಲ ಎದ್ದು ನಿಂತ. "ತಾಯೀ, ಪ್ರಸಾದಕ್ಕೆ ತೂಕವಿಲ್ಲ. ತೂಕವಿಲ್ಲದ್ದು ತೂಕ ಹೆಚ್ಚಿಸುವುದು ಹೇಗೆ?"

"ಹಂಗಾರ ಇಕಿನ್ನ ನೀವ ಒಂದೀಟು ಎತ್ಕೊಂಡು ನೋಡ್ರಿ."

ಮಹಾಮಂತ್ರಿಗೆ ತಕ್ಷಣ ತನ್ನ ಸೊಂಟನೋವು ನೆನಪಾಯಿತು.

ರಾಜವೈದ್ಯ ಗಂಟಲು ಸರಿಪಡಿಸಿಕೊಂಡ. "ಪ್ರಭೂ, ಎಳವೆಯಲ್ಲಿ ನಾಲಗೆಗೆ ಹತ್ತಿದ ರುಚಿ..." ಎಂದು ಆರಂಭಿಸಿದವನ ದೃಷ್ಟಿ, ಸಿಂಹಾಸನದ ಎರಡೂ ಬದಿಗೆ ತುಳುಕುತ್ತಿದ್ದ ಅರಸನ ಮೇಲೆ ಬಿತ್ತು. "...ಚಿರಕಾಲ ಬಾಳಲಿ!" ಎಂದು ಕೈಮುಗಿದು ಕುಳಿತ.

ಅರಸನ ಕಣ್ಣು ತುಂಬಿಬಂತು. "ನಮ್ಮ ರಾಜ್ಯದಲ್ಲಿ ಮಗುವೊಂದು ತೇಕುವುದೆ? ಕೂಡಲೇ ಕಾರ್ಯಾಗಾರ ನಡೆಯಲಿ! ವೈದ್ಯರು, ಅಡುಗೆಯವರು, ಶಿಶುಶಾಲೆಯ ಅಕ್ಕಂದಿರು ಒಂದೆಡೆ ಸೇರಿ ತಂತಮ್ಮ ಅನುಭವ ಹಂಚಿಕೊಳ್ಳಲಿ!"

ಕಾರ್ಯಾಗಾರ ವೈಭವದಿಂದ ನಡೆಯಿತು. ಉದ್ಘಾಟನೆಗೆ ಜಿಲೇಬಿ, ಪ್ರಾಸ್ತಾವಿಕ ನುಡಿಗೆ ಬೋಂಡ, ಗುಂಪು ಚರ್ಚೆಗೆ ಹೋಳಿಗೆ. "ಇನ್ನೊಂದು ಹಾಕಿಸ್ಕೊಳ್ಳಿ, ನನ್ನಾಣೆ" ಎಂಬ ಒತ್ತಾಯದ ನಡುವೆ ಬಾಲಸ್ಥೌಲ್ಯದ, ಅಂದರೆ ಮಕ್ಕಳ ಬೊಜ್ಜಿನ, ಚಿಂತನೆ ಆಳಕ್ಕಿಳಿಯಿತು. ವೈದ್ಯರು ಅಡುಗೆಯವರಿಂದ ಎರಡೆಳೆ ಪಾಕದ ಗುಟ್ಟು ಕಲಿತರು. ಅಡುಗೆಯವರು ವೈದ್ಯರಿಂದ ಗಂಟಲು ಸರಿಪಡಿಸಿಕೊಳ್ಳುವ ಕಲೆ ಕಲಿತರು.

ಕೈ ತೊಳೆಯುವ ಜಾಗದಲ್ಲಿ ಮಾತ್ರ ಬೇರೆ ಪಿಸುಮಾತು ನಡೆದಿತ್ತು.

"ನಿಮ್ಮನೆ ಪಾಪುಗೆ ಏನು ಕೊಡ್ತೀರಿ, ವೈದ್ಯರೇ?" ಎಂದು ಕೇಳಿದಳು ಶಿಶುಶಾಲೆಯ ಅಕ್ಕ.

"ರಾಗಿ ಗಂಜಿ, ಸೊಪ್ಪು. ಸಕ್ಕರೆ ಡಬ್ಬಿ ಅಟ್ಟದ ಮೇಲಿಟ್ಟಿದೀನಿ. ಯಾರಿಗೂ ಹೇಳ್ಬೇಡಮ್ಮ."

"ನಮ್ಮನೇಲೂ ಅಷ್ಟೇ ಕಣ್ರೀ."

"ನಮ್ಮಲ್ಲೂ," ಎಂದ ಲಾಡು ಕಟ್ಟುವ ಬಾಣಸಿಗ, ಸುತ್ತಮುತ್ತ ನೋಡಿ.

ಕಾರ್ಯಾಗಾರದಲ್ಲಿ ನಡೆದ ನಿಜವಾದ ಕಲಿಕೆ ಇಷ್ಟೇ. ಆದರೆ ಕೈ ತೊಳೆಯುವ ಜಾಗ ಅಧಿಕೃತ ಸಭಾಂಗಣವಲ್ಲವಾದ್ದರಿಂದ ಅದು ನಿರ್ಣಯದಲ್ಲಿ ಸೇರಲಿಲ್ಲ. ಒಳಗೆ ಬಂದು ಮೂವರೂ ಎಲ್ಲರೊಡನೆ ಕೈ ಎತ್ತಿದರು.

ಸರ್ವಾನುಮತದ ನಿರ್ಣಯವನ್ನು ಮಹಾಮಂತ್ರಿ ಓದಿದ: "ಮಕ್ಕಳು ತೇಕುವುದು ನಡೆಯುವಾಗ. ಆದಕಾರಣ ದೋಷ ಲಾಡಿನದಲ್ಲ, ನಡಿಗೆಯದು. ಇಂದಿನಿಂದ ಮಕ್ಕಳು ನೆಲಕ್ಕೆ ಕಾಲಿಡತಕ್ಕದ್ದಲ್ಲ. ಪ್ರತಿ ಮಗುವಿಗೂ ಶಿಶುಪಲ್ಲಕ್ಕಿ. ಹೊರುವ ಭಾಗ್ಯ ಹೆತ್ತವರದು. ಪಲ್ಲಕ್ಕಿಯ ಖರ್ಚು ಊರವರದು."

"ಅಯ್ಯ ಶಿವನ, ನಾ ಏನು ಕೇಳಿದ್ನಿ, ಇವರು ಏನು ಕೊಟ್ರು!" ಎಂದಳು ದ್ಯಾಮವ್ವ. ಅದನ್ನು ಧನ್ಯವಾದವೆಂದು ಬರೆದುಕೊಳ್ಳಲಾಯಿತು.

ಯೋಜನೆ ಗೆದ್ದಿತು. ಸಮೀಕ್ಷೆ ಮಾಡಿದಾಗ ರಾಜ್ಯದಲ್ಲಿ ತೇಕುವ ಒಂದು ಮಗುವೂ ಸಿಗಲಿಲ್ಲ. ಅರಸನಿಗೆ 'ಬಾಲಾರೋಗ್ಯ ಚಕ್ರವರ್ತಿ' ಎಂಬ ಬಿರುದು, ಕಿರೀಟದ ಮೇಲೊಂದು ಕಿರೀಟ, ಜೊತೆಗೆ ಲಾಡಿನ ತುಲಾಭಾರ. ತಕ್ಕಡಿ ಸರಿತೂಗುವ ಹೊತ್ತಿಗೆ ಊರೂರಿನ ತುಪ್ಪದ ಗಡಿಗೆ ಬರಿದಾಗಿತ್ತು. ತೂಗಿದ ಲಾಡನ್ನು ಅರಸ ತಾನಿಟ್ಟುಕೊಳ್ಳಲಿಲ್ಲ, ಮಹಾತ್ಯಾಗಿ. ಮಕ್ಕಳಿಗೇ ಕೊಟ್ಟ, ಬೆಳಗಿನ ಜೊತೆ ಮಧ್ಯಾಹ್ನಕ್ಕೂ.

ಈ ಗೆಲುವಿನ ಉತ್ಸವದ ಮೆರವಣಿಗೆಯಲ್ಲಿ ಮೊದಲ ಪಲ್ಲಕ್ಕಿ ಹೊನ್ನಿಯದು. ಮುಂದೆ ದ್ಯಾಮವ್ವ, ಹಿಂದೆ ಅವಳ ಗಂಡ, ಪಕ್ಕದಲ್ಲಿ ಕಾವಲಿನವನು. ಬೀದಿಯಲ್ಲಿ ಒಂದು ಆಡಿನ ಮರಿ ಸುಮ್ಮಸುಮ್ಮನೆ ನೆಗೆಯುತ್ತಿತ್ತು. ಹೊನ್ನಿ ಪರದೆ ಸರಿಸಿ ಬಗ್ಗಿದಳು.

"ಯವ್ವಾ, ನಾ ಇಳೀಲ್ಯಾ? ಒಂದ ಸಲ. ಅದರ ಹಿಂದ ಓಡಿ ಬರ್ತೇನಿ."

ದ್ಯಾಮವ್ವ ಬಾಯಿ ತೆರೆಯುವ ಮುನ್ನವೇ ಕಾವಲಿನವನು ಪರದೆ ಎಳೆದ. "ಇಳಿಯೋ ಹಾಗಿಲ್ಲ ಮಗೂ. ಇಳಿದ್ರೆ ಅಂಕಿ-ಅಂಶ ಕೆಡುತ್ತೆ."

ದ್ಯಾಮವ್ವ ದಂಡಿಗೆಯನ್ನು ಬಲ ಹೆಗಲಿನಿಂದ ಎಡ ಹೆಗಲಿಗೆ ಬದಲಿಸಿಕೊಂಡಳು. ಅಷ್ಟರಲ್ಲಿ ಮಧ್ಯಾಹ್ನದ ಪ್ರಸಾದದ ಗಂಟೆ ಹೊಡೆಯಿತು.