ಶೇಂಗಾ ಹೊಲಕ್ಕೆ ಮುಯ್ಯಿ ಸೀರೆ

ಹೆಂಡತಿಯ ಬೀರುವಿಗೆ ಕೈಹಾಕುವ ಗಂಡಸಿಗೆ ಧೈರ್ಯವೊಂದಿದ್ದರೆ ಸಾಲದು, ತಿಳಿವಳಿಕೆಯೂ ಬೇಕು. ನನ್ನಲ್ಲಿ ಮೊದಲನೆಯದು ಮಾತ್ರ ಇತ್ತು. ಅದೂ ಗಿರಿಜಾ ತವರಿಗೆ ಹೋಗಿದ್ದಳೆಂಬ ಕಾರಣಕ್ಕೆ.

ಜಗಳೂರಿನ ಶಾಲೆಯೊಂದರಲ್ಲಿ ಗುಮಾಸ್ತನಾದ ನನಗೆ ಊರಾಚೆ ಒಂದು ತುಂಡು ಹೊಲವಿದೆ. ರಜೆಯ ದಿನ ಅಲ್ಲಿ ನಾನು ರೈತ. ಉಳಿದ ದಿನವೆಲ್ಲ ಮೊಲಗಳದೇ ಆಡಳಿತ. ಹೋದ ವರ್ಷ ಶೇಂಗಾ ಎಳೆಯ ಎಲೆ ಬಿಡುವಷ್ಟರಲ್ಲಿ ಸಾಲು ಹಿಡಿದು ಮೇಯ್ದವು. ಅವು ಬಿಟ್ಟದ್ದನ್ನು ಜೇಕು, ಕಾಂಗ್ರೆಸ್ ಗಿಡ ಮುಚ್ಚಿಹಾಕಿದವು. ಕಳೆ ತೆಗೆಯಲು ಆಳು ಸಿಗದೆ ನಾನೇ ಕೂತೆ. ನಾನು ಕಿತ್ತ ಕಳೆಯಲ್ಲಿ ಅರ್ಧ ಶೇಂಗಾವೇ ಇತ್ತೆಂದು ಗಿರಿಜಾ ಇಂದಿಗೂ ಬಂದವರಿಗೆಲ್ಲ ಹೇಳುತ್ತಾಳೆ. ಈ ಸಲವೂ ಹಾಗಾದರೆ ಹೊಲವನ್ನು ಬೇರೆಯವರಿಗೆ ಕೋರಿಗೆ ಕೊಟ್ಟು, ಅವರು ಕೊಟ್ಟ ಪಾಲು ತೆಗೆದುಕೊಂಡು ಸುಮ್ಮನಿರಬೇಕೆಂದು ಕಟ್ಟುನಿಟ್ಟಾಗಿ ಹೇಳಿಬಿಟ್ಟಿದ್ದಳು. ಅಪ್ಪ ಉತ್ತ ಹೊಲ ಅದು. ನನಗೆ ಬಹಳ ಸಂಕಟವಾಯಿತು.

ನಮ್ಮ ಕಡೆ ಮೊಲ, ಹಂದಿ ನುಗ್ಗದಿರಲೆಂದು ಹೊಲದ ಸುತ್ತ ಗೂಟ ನೆಟ್ಟು ಹಳೆಯ ಸೀರೆ ಕಟ್ಟುತ್ತಾರೆ. ನಾನೂ ಕಟ್ಟಿದೆ. ಹಳೆಯದು ಯಾವುದೆಂದು ಗುರುತಿಸುವುದಕ್ಕೆ ನನ್ನದೇ ಒಂದು ತರ್ಕವಿತ್ತು: ಗಿರಿಜಾ ಉಟ್ಟದ್ದನ್ನು ನಾನು ಒಮ್ಮೆಯೂ ನೋಡದ ಸೀರೆ ಅವಳಿಗೆ ಬೇಡವಾದದ್ದೇ ಇರಬೇಕು. ಬೀರುವಿನ ಮೇಲಿನ ಅರೆ ಖಾಲಿಯಾಯಿತು. ಅವೆಲ್ಲ ಮುಯ್ಯಿ ಸೀರೆಗಳು. ನಂಟರಿಷ್ಟರು ನಮ್ಮ ಮನೆ ಕಾರ್ಯಗಳಿಗೆ ತಂದುಕೊಟ್ಟವು. ಉಡುವುದಕ್ಕಲ್ಲ, ಇನ್ನೊಬ್ಬರ ಮನೆ ಕಾರ್ಯಕ್ಕೆ ದಾಟಿಸುವುದಕ್ಕೆಂದು ಮಡಿಕೆ ಮುರಿಯದೆ ಇಟ್ಟವು. ಈ ಸಂಗತಿ ಹೆಂಗಸರಿಗೆಲ್ಲ ಗೊತ್ತು.

ಗಿರಿಜಾ ತವರಿನಿಂದ ಬಂದವಳೇ ಖಾಲಿ ಅರೆ ನೋಡಿ ಹೊಲಕ್ಕೆ ಓಡಿಬಂದಳು. ಆದರೆ ಅಷ್ಟರಲ್ಲಿ ದಾರಿಯಲ್ಲಿ ಹೋಗುತ್ತಿದ್ದ ನನ್ನ ಅಕ್ಕ ಶಾಂತಕ್ಕ ಆಟೊ ನಿಲ್ಲಿಸಿ ಇಳಿದಾಗಿತ್ತು.

"ನಾ ಕೊಟ್ಟ ಸೀರೆ ಮೊಲ ಓಡಿಸಾಕೆ ನಿಂತೈತಲ್ಲಮ್ಮ ಗಿರಿಜಾ," ಎಂದಳು.

ಗಿರಿಜಾಳ ಮುಖ ಬಾಡಿತು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಅಕ್ಕ ಒಮ್ಮೆ ಮಾತು ಬಿಟ್ಟರೆ ಮುಂದಿನ ಮದುವೆಯವರೆಗೂ ಬಿಟ್ಟಂತೆಯೇ. ಆಗ ಪಕ್ಕದ ಹೊಲದ ಬಸಮ್ಮ ಹತ್ತಿರ ಬಂದು, ಅದೇ ಸೀರೆಯ ಸೆರಗು ಬಿಡಿಸಿ ನೋಡಿದಳು.

"ನಿಮ್ಮ ಗೃಹಪ್ರವೇಶಕ್ಕೆ ನಾನು ಕೊಟ್ಟಿದ್ದು ಇದೇ ಅಲ್ಲೇನ್ರೀ ಶಾಂತಕ್ಕ?"

ಅಕ್ಕ ಮೆಲ್ಲಗೆ ಕೂತಳು. ಕೈಗೆ ಸಿಕ್ಕ ಜೇಕನ್ನು ಗಡ್ಡೆ ಸಮೇತ ಕಿತ್ತಳು. ವಿಚಾರಿಸಲು ಬಸಮ್ಮನೂ ಕೂತಳು. ಬಸಮ್ಮನಿಗೆ ಆ ಸೀರೆ ಯಾರು ಕೊಟ್ಟಿದ್ದರೆಂಬ ಪ್ರಶ್ನೆ ಎದ್ದಮೇಲಂತೂ ಓಣಿಯೇ ಹೊಲಕ್ಕೆ ಬಂತು. ದಿನಾ ಮಧ್ಯಾಹ್ನ ಒಂದೊಂದು ಸೀರೆಯ ವಂಶಾವಳಿ. ನಮ್ಮ ಹೆಂಗಸರು ಹೊಲದಲ್ಲಿ ಕೂತು ಕೈಕಟ್ಟಿಕೊಂಡು ಮಾತಾಡಲಾರರು; ಸೀರೆಯೊಂದು ಯಾವ ಯಾವ ಮನೆ ದಾಟಿತೆಂದು ತೀರ್ಮಾನವಾಗುವಷ್ಟರಲ್ಲಿ ಒಂದು ಸಾಲು ಹಸನಾಗಿರುತ್ತಿತ್ತು. ಎಲ್ಲರೂ ಎಲ್ಲರಿಗೂ ದಾಟಿಸಿದ್ದರಿಂದ ಯಾರೂ ಯಾರ ಮೇಲೂ ಮುನಿಸಿಕೊಳ್ಳುವಂತಿರಲಿಲ್ಲ. ಸಾಲು ಮುಗಿದಮೇಲೆ ಬದುವಿನ ಕಾಂಗ್ರೆಸ್ ಗಿಡದ ಪೊದೆಯೂ ಹೋಯಿತು. ಅಡಗಲು ಜಾಗವಿಲ್ಲದೆ, ಸೆರಗುಗಳ ಪಟಪಟ ಸದ್ದಿಗೆ ಬೆದರಿ ಮೊಲಗಳು ಇತ್ತ ಸುಳಿಯಲಿಲ್ಲ.

ಶೇಂಗಾ ಬಂತು ನೋಡಿ! ಬಳ್ಳಿ ಕಿತ್ತರೆ ಗೊಂಚಲು ಗೊಂಚಲು ಕಾಯಿ. ಕೋರಿನ ಮಾತು ಅಲ್ಲಿಗೇ ಮುಗಿಯಿತು. ಶಾಲೆಯಲ್ಲಿ ನಾನು ಇದೆಲ್ಲ ನನ್ನದೇ ಯೋಜನೆಯೆಂದು ಹೇಳಿಕೊಂಡು ತಿರುಗಿದೆ. ಸುಗ್ಗಿಯ ಪೂಜೆಗೆ ಹಾಕಿಕೊಳ್ಳೋಣವೆಂದು, ಮಗನ ಮದುವೆಗೆ ಎತ್ತಿಟ್ಟಿದ್ದ, ಮಾವ ಕೊಟ್ಟ ರೇಷ್ಮೆ ಜುಬ್ಬ ಹುಡುಕಿದರೆ ಬೀರುವಿನಲ್ಲಿ ಇಲ್ಲ. ಬನಿಯನ್ನಿನಲ್ಲೇ ಹೊಲಕ್ಕೆ ಓಡಿದೆ. ಜುಬ್ಬ ಬದುವಿನಲ್ಲಿ ಹೊಸದಾಗಿ ನಿಂತಿದ್ದ ಬೆದರುಬೊಂಬೆಯ ಮೈಮೇಲಿತ್ತು.

"ನೀವು ಹಾಕ್ಕಂಡಿದ್ದು ನಾನು ಒಂದಿನಾನೂ ನೋಡಿಲ್ರೀ. ಬ್ಯಾಡಾಗೈತೇನೋ ಅನ್ಕಂಡೆ," ಎಂದಳು ಗಿರಿಜಾ.

ಬೊಂಬೆಗೆ ಜುಬ್ಬ ಅಳತೆ ಕೊಟ್ಟು ಹೊಲಿಸಿದಂತಿತ್ತು. ದಾರಿಯಲ್ಲಿ ಹೋಗುತ್ತಿದ್ದ ಹಿರಿಯರೊಬ್ಬರು ಬೊಂಬೆಗೆ ಕೈಮುಗಿದು, ಈ ಸಲ ಬೆಳೆ ಚಲೋ ಐತ್ರೀ ಗೌಡ್ರೇ ಎಂದು ಹೊಗಳಿ ಮುಂದೆ ಹೋದರು. ಪಕ್ಕದಲ್ಲೇ ನಿಂತಿದ್ದ ನನ್ನತ್ತ ತಿರುಗಿಯೂ ನೋಡಲಿಲ್ಲ.